ಪ್ರಥಮದಂಡ ವಿಚಾರ

ಶಾಸ್ತ್ರ ಬರೆಯಲು ಕೂತವನು ಮೊದಲು ಅನುಬಂಧ ಚತುಷ್ಟಯ ಹೇಳಿ ಮುಗಿಸಬೇಕು. ವಿಷಯ: ಫ್ಲೈ ಫಿಶಿಂಗ್ ಎಂಬ ಗಾಳದ ವಿದ್ಯೆಗೆ ಹೊಸದಾಗಿ ಕೈಹಾಕುವವನು ಕೊಳ್ಳಬೇಕಾದ ಮೊದಲ ಕೋಲು. ಪ್ರಯೋಜನ: ಇಲ್ಲ. ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಡುವುದು ಈ ವಿದ್ಯೆಯ ಶಿಷ್ಟಾಚಾರ. ಬಿಡದಿದ್ದರೂ ನಮ್ಮ ಮನೆಯ ಒಲೆಯ ಮೇಲೆ ಅದಕ್ಕೆ ಜಾಗವಿಲ್ಲ. ಸಂಬಂಧ: ಅಂಗಡಿಗೂ ಕ್ರೆಡಿಟ್ ಕಾರ್ಡಿಗೂ ಇರುವಂಥದ್ದು. ಅಧಿಕಾರಿ, ಅಂದರೆ ಈ ಶಾಸ್ತ್ರಕ್ಕೆ ಯೋಗ್ಯನಾದವನು ಯಾರು ಎಂಬುದು ಸ್ವಲ್ಪ ಗೋಜಲಿನ ಪ್ರಶ್ನೆ. ಅದನ್ನು ಕೊನೆಗಿಟ್ಟುಕೊಳ್ಳೋಣ.

ನಾನಿರುವುದು ಪೆನ್ಸಿಲ್ವೇನಿಯಾದ ಕಾರ್ಲೈಲ್ ಎಂಬ ಊರಿನ ಹತ್ತಿರ. ಸುಣ್ಣಕಲ್ಲಿನ ನೆಲ. ಅಡಿಯಿಂದ ಉಕ್ಕುವ ತೊರೆಗಳು ಬೇಸಿಗೆಯಲ್ಲೂ ತಣ್ಣಗೆ ಹರಿಯುತ್ತವೆ. ಅಂಥ ನೀರಿನಲ್ಲಿ ಟ್ರೌಟ್ ಮೀನು ಸುಖವಾಗಿರುತ್ತದೆ. ಮೀನು ಸುಖವಾಗಿರುವ ಕಡೆ ಮನುಷ್ಯ ಸುಮ್ಮನಿರುವುದಿಲ್ಲ. ಊರ ಪಕ್ಕದ ಲೆಟಾರ್ಟ್ ತೊರೆ ನಮ್ಮ ತೀರ್ಥಹಳ್ಳಿ ಕಡೆಯ ಯಾವುದೋ ಹಳ್ಳದಷ್ಟು ಅಗಲ, ಅಷ್ಟೇ. ಆದರೆ ಅದರ ದಡದಲ್ಲಿ ಕೂತು ನೋಡಿದ್ದನ್ನೆಲ್ಲ ವಿನ್ಸೆಂಟ್ ಮರಿನಾರೊ ಎಂಬಾತ 1950ರಲ್ಲಿ ಪುಸ್ತಕ ಮಾಡಿದ. ಈ ವಿದ್ಯೆಯವರು ಅದನ್ನು ಭಾಷ್ಯದಂತೆ ಓದುತ್ತಾರೆ. ಇಂಥ ಊರಲ್ಲಿ ಹದಿನೈದು ವರ್ಷ ಸುಮ್ಮನಿದ್ದದ್ದೇ ನನ್ನ ಹೆಚ್ಚುಗಾರಿಕೆ.

ಕಳೆದ ಬೇಸಿಗೆಯಲ್ಲಿ ಮಾವನವರು ಆರು ತಿಂಗಳ ಮಟ್ಟಿಗೆ ಬಂದರು. ಶಿವಮೊಗ್ಗದ ಪಾಠಶಾಲೆಯೊಂದರಲ್ಲಿ ತರ್ಕ ಹೇಳಿ ನಿವೃತ್ತರಾದವರು. ಜೂನ್ ತಿಂಗಳಲ್ಲೂ ಸ್ವೆಟರು, ಮಂಕಿ ಟೋಪಿ ಹಾಕಿಕೊಂಡು ಹಿತ್ತಲಲ್ಲಿ ಮಡಚುವ ಕುರ್ಚಿಯ ಮೇಲೆ ಕೂರುತ್ತಿದ್ದರು. ನಾನು ಹುಲ್ಲುಹಾಸಿನ ಮೇಲೆ ನಿಂತು, ಕೊಕ್ಕೆಯ ಬದಲು ಕೆಂಪು ಉಲ್ಲನ್ನಿನ ಚೂರು ಕಟ್ಟಿಕೊಂಡು ಕೋಲು ಬೀಸುತ್ತಿದ್ದೆ. ಎರಡು ದಿನ ನೋಡಿ ಮೂರನೆಯ ದಿನ ಕೇಳಿದರು:

“ಏನ್ರೀ ಅಳಿಯಂದ್ರೆ, ನೀರೇ ಇಲ್ಲವಲ್ಲ ಇಲ್ಲಿ?”

ಅಭ್ಯಾಸ ಎಂದೆ. ಕೋಲಿಗೆ ಎಷ್ಟು ಕೊಟ್ಟಿರಿ ಎಂದರು. ಹೇಳಿದೆ. ರೂಪಾಯಿಗೆ ಗುಣಿಸಿಕೊಂಡು ಸ್ವಲ್ಪ ಹೊತ್ತು ಮೌನವಾಗಿದ್ದು, “ದಂಡಸ್ತ್ರಿವಿಧಃ” ಎಂದು ಸೂತ್ರ ಕಟ್ಟಿದರು. ದಂಡವೆಂದರೆ ಕೋಲು, ದಂಡವೆಂದರೆ ಜುಲ್ಮಾನೆ, ದಂಡವೆಂದರೆ ದುಡ್ಡು ದಂಡ. ಹೊಸಬನು ಕೊಳ್ಳುವ ಮೊದಲ ಕೋಲಿನಲ್ಲಿ ಮೂರೂ ಒಟ್ಟಿಗೆ ಇರುತ್ತವಾದ್ದರಿಂದ ಅದೇ ಪೂರ್ಣದಂಡ. ಈ ಪ್ರಬಂಧ ಹುಟ್ಟಿದ್ದು ಆ ಕುರ್ಚಿಯ ಬುಡದಲ್ಲಿ.

ಗಾಳಕ್ಕೂ ಶಾಸ್ತ್ರವೇ ಎಂದು ನಗುವವರು ಸ್ವಲ್ಪ ತಾಳಬೇಕು. ಇಂದಿನ ಬಸವಕಲ್ಯಾಣದಲ್ಲಿ ಕೂತು ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಮಾನಸೋಲ್ಲಾಸ ಬರೆದ. ಐದು ವಿಂಶತಿ, ನೂರು ಅಧ್ಯಾಯ. ರಾಜ್ಯ ಗಳಿಸುವುದರಿಂದ ಹಿಡಿದು ಅಡುಗೆ, ಆನೆ, ಕುಸ್ತಿಯವರೆಗೆ ಎಲ್ಲವೂ ಉಂಟು. ಅದರಲ್ಲಿ ಮತ್ಸ್ಯವಿನೋದವೆಂದು ಗಾಳ ಹಾಕುವ ಆಟಕ್ಕೇ ಒಂದು ಅಧ್ಯಾಯ. ಸಮುದ್ರದ ಮೀನು, ನದಿಯ ಮೀನು, ಹುರುಪೆಯುಳ್ಳದ್ದು, ಹುರುಪೆಯಿಲ್ಲದ್ದು ಎಂದು ವಿಂಗಡಿಸಿ, ಯಾವುದಕ್ಕೆ ಏನು ತಿನ್ನಿಸಬೇಕು ಎಂಬುದನ್ನೂ ದೊರೆ ಹೇಳುತ್ತಾನೆ. ಅವನಾದ ಮೇಲೆ ನಮ್ಮ ನೆಲದಲ್ಲೇ ಇನ್ನೊಂದು ಗ್ರಂಥ: ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಅಚ್ಚಾದದ್ದು ಲಂಡನ್ನಿನಲ್ಲಲ್ಲ, ಮಂಗಳೂರಿನಲ್ಲಿ. ರಾಜ ಬರೆದ, ಕಲೆಕ್ಟರ್ ಬರೆದ. ಸಾಫ್ಟ್‌ವೇರಿನವನು ಬರೆದರೆ ತಪ್ಪೇನು?

ಈಗ ಲಕ್ಷಣ. ಫ್ಲೈ ರಾಡ್ ಎಂದರೇನು? “ಮೀನು ಹಿಡಿಯುವ ಕೋಲು” ಎಂದೆ ನಾನು. ಅತಿವ್ಯಾಪ್ತಿ, ಎಂದರು ಮಾವ. ತುಂಗೆಯ ದಡದಲ್ಲಿ ಎರೆಹುಳು ಚುಚ್ಚಿ, ಬೆಂಡು ತೇಲಿಬಿಟ್ಟು, ಬಿದಿರುಕೋಲು ಹಿಡಿದು ಶಾಲೆ ತಪ್ಪಿಸಿ ಕೂತ ಹುಡುಗನದೂ ಮೀನು ಹಿಡಿಯುವ ಕೋಲೇ. ಹೇಳಬಾರದ ಕಡೆಗೂ ಲಕ್ಷಣ ಹರಿಯಿತು. ಹಾಗಾದರೆ “ಫ್ಲೈ ಎಸೆಯುವ ಕೋಲು”. ಇದು ಅಸಂಭವ. ಫ್ಲೈ ಎಂದರೆ ನೊಣವೇ ಆದರೂ ನೊಣವಲ್ಲ. ಕೊಕ್ಕೆಗೆ ಒಂದಿಷ್ಟು ನೂಲು, ಪುಕ್ಕ, ರೋಮ ಸುತ್ತಿ ಹುಳುವಿನ ವೇಷ ತೊಡಿಸಿದ್ದು. ಅದಕ್ಕೆ ತೂಕವೇ ಇಲ್ಲ. ಕೋಳಿಪುಕ್ಕವನ್ನು ಕೈಯಲ್ಲಿ ಹಿಡಿದು ಐವತ್ತು ಅಡಿ ಎಸೆದು ನೋಡಿ, ಅದು ನಿಮ್ಮ ಕಾಲ ಬುಡದಲ್ಲೇ ಬೀಳುತ್ತದೆ. ಸರಿ, “ರೀಲು ಇರುವ ಕೋಲು” ಎನ್ನೋಣವೇ? ಅವ್ಯಾಪ್ತಿ. ಜಪಾನಿನ ತೆಂಕಾರಾ ಕೋಲಿಗೆ ರೀಲೇ ಇಲ್ಲ. ಕ್ರಿ.ಶ. 200ರ ಸುಮಾರಿನ ಏಲಿಯನ್, ಮ್ಯಾಸಿಡೋನಿಯದ ಜನ ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ, ಹುಂಜದ ಗಂಟಲ ಬಳಿಯ ಎರಡು ಗರಿ ಸಿಕ್ಕಿಸಿ ಮೀನು ಹಿಡಿಯುತ್ತಿದ್ದರೆಂದು ಬರೆದಿದ್ದಾನೆ. ಅವರ ಕೋಲು ಆರಡಿ, ದಾರ ಆರಡಿ, ರೀಲು ಇಲ್ಲ.

ಸಿದ್ಧಾಂತ ಹೀಗೆ: ಫ್ಲೈ ರಾಡ್ ಎಂದರೆ ಲೈನ್ ಎಸೆಯುವ ಕೋಲು. ಬೇರೆ ಗಾಳದಲ್ಲಿ ಹುಳುವಿನ, ಸೀಸದ ಗುಂಡಿನ ಭಾರ ಮುಂದೆ ಓಡಿ ಹಗುರವಾದ ದಾರವನ್ನು ಎಳೆದುಕೊಂಡು ಹೋಗುತ್ತದೆ. ಇಲ್ಲಿ ಉಲ್ಟಾ. ಭಾರ ಇರುವುದು ಲೈನಿನಲ್ಲಿ. ಅದು ನೂಲಿನ ಮೇಲೆ ಪ್ಲಾಸ್ಟಿಕ್ ಬಳಿದ ದಪ್ಪ ಹಗ್ಗ. ಕೋಲು ಹಗ್ಗವನ್ನು ಹಿಂದಕ್ಕೆ ಬೀಸುತ್ತದೆ, ಅದು ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾಯುತ್ತದೆ, ಆಮೇಲೆ ಮುಂದಕ್ಕೆ. ತುದಿಯಲ್ಲಿರುವ ನೊಣ ಪುಕ್ಕಟೆ ಪ್ರಯಾಣಿಕ. ಇದನ್ನು ಕೇಳಿ ಮಾವ, “ಹಾಗಾದರೆ ಇದು ಬಾರುಕೋಲು” ಎಂದರು. ನಾನು ಓದಿದ ಯಾವ ಪುಸ್ತಕದಲ್ಲೂ ಇಷ್ಟು ಚೊಕ್ಕ ಲಕ್ಷಣ ಇರಲಿಲ್ಲ.

ಲಕ್ಷಣ ಗಟ್ಟಿಯಾದರೆ ಅರ್ಧ ಅಂಗಡಿ ಖಾಲಿಯಾದ ಹಾಗೆ. ಹೊಸಬ ಕೇಳುವ ಮೊದಲ ಪ್ರಶ್ನೆ “ಎಷ್ಟು ದೊಡ್ಡ ಮೀನು ಹಿಡಿಯಬಹುದು?” ಎಂದು. ಕೋಲಿನ ಮೇಲೆ ಬರೆದ ಅಂಕಿ ಮೀನಿನದಲ್ಲ, ಲೈನಿನ ತೂಕದ್ದು. ಅಮೆರಿಕದ ಗಾಳ ತಯಾರಕರ ಸಂಘ 1960ರ ಸುಮಾರಿಗೆ ನಿಗದಿ ಮಾಡಿದ ಕ್ರಮದಲ್ಲಿ ಲೈನಿನ ಮೊದಲ 30 ಅಡಿಯನ್ನು ಗ್ರೇನ್ ಲೆಕ್ಕದಲ್ಲಿ ತೂಗುತ್ತಾರೆ. 4 ಎಂದರೆ 120 ಗ್ರೇನ್, 5 ಎಂದರೆ 140, 6ಕ್ಕೆ 160, 8ಕ್ಕೆ 210. ಗ್ರೇನ್ ಎಂದರೆ ಧಾನ್ಯದ ಕಾಳು. ನಮ್ಮ ಅಕ್ಕಸಾಲಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬ್ರಿಟಿಷರ ತೊಲ 180 ಗ್ರೇನ್. 96 ಗುಲಗಂಜಿಗೆ ಒಂದು ತೊಲವೆಂದು ಹಿಡಿದರೆ 5ನೆಯ ನಂಬರಿನ ಲೈನ್ ಹೆಚ್ಚುಕಡಿಮೆ 75 ಗುಲಗಂಜಿ ತೂಗುತ್ತದೆ. ಮುಕ್ಕಾಲು ತೊಲ ಚಿಲ್ಲರೆ. ಇಷ್ಟು ಬಂಗಾರ ಕೊಂಡಿದ್ದರೆ ಮನೆಯಲ್ಲಿ ನೆಮ್ಮದಿ ಇರುತ್ತಿತ್ತು ಎಂಬ ಮಾತು ಅಡುಗೆಮನೆಯ ಕಿಟಕಿಯಿಂದ ಬಂತು. ಅದು ಪೂರ್ವಪಕ್ಷವೆಂದು ಬಗೆದು ಮುಂದುವರಿಯುತ್ತೇನೆ.

1ರಿಂದ 3ರವರೆಗಿನವು ಸುಕುಮಾರ ಜಾತಿ. ಅಂಗೈಯುದ್ದದ ಮೀನಿಗೆ, ಗಾಳಿಯಿಲ್ಲದ ದಿನಕ್ಕೆ, ಕೈ ಪಳಗಿದವರಿಗೆ. 4, 5, 6 ಗೃಹಸ್ಥ ಜಾತಿ; ಟ್ರೌಟಿನ ಸಂಸಾರವೆಲ್ಲ ಇಲ್ಲೇ ನಡೆಯುವುದು. 7, 8 ಕ್ಷತ್ರಿಯ. ಬಾಸ್, ಸ್ಟೀಲ್‌ಹೆಡ್ ಮುಂತಾದ ಜಗಳಗಂಟ ಮೀನುಗಳಿಗೆ. ಅದಕ್ಕೂ ಮೇಲಿನವು ಕಡಲಿಗೆ ಸೇರಿದ ದೈತ್ಯ ಜಾತಿ. ಕನ್ನಡಿಗ ಓದುಗ ಇಲ್ಲಿ ಕಾವೇರಿಯ ಮಹಶೀರ್ ಯಾವುದರಲ್ಲಿ ಬರುತ್ತದೆ ಎಂದು ಕೇಳಿಯೇ ಕೇಳುತ್ತಾನೆ. ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್ ತೂಗಿತ್ತು. 5ನೆಯ ನಂಬರಿನವನು ಆ ಕಡೆ ತಲೆ ಹಾಕದಿರುವುದು ಕ್ಷೇಮ. ಶೃಂಗೇರಿಯ ತುಂಗೆಯ ಮೆಟ್ಟಿಲ ಮೇಲೆ ಕೂತು ಮಂಡಕ್ಕಿ ಎಸೆದವರಿಗೆ ದೇವರ ಮೀನುಗಳ ಬೆನ್ನಿನ ಅಗಲ ಗೊತ್ತು. ಅಲ್ಲಿ ಗಾಳದ ಹೆಸರೆತ್ತಿದರೆ ಆಗುವ ದಂಡ ಮೇಲಿನ ಮೂರರಲ್ಲಿ ಯಾವುದೂ ಅಲ್ಲ, ನಾಲ್ಕನೆಯದು.

ಉದ್ದದ ವಿಚಾರ ಬೇಗ ಮುಗಿಯುತ್ತದೆ. ಪೊದೆ ಮುಚ್ಚಿದ ಬೆಟ್ಟದ ಹಳ್ಳಕ್ಕೆ ಏಳು ಅಡಿ, ಏಳೂವರೆ. ಸ್ಕಾಟ್ಲೆಂಡಿನ ಸ್ಪೇ ನದಿಯ ಹೆಸರು ಹೊತ್ತ ಎರಡು ಕೈಯ ಕೋಲುಗಳು ಹನ್ನೆರಡು ಅಡಿ ದಾಟುತ್ತವೆ. ಉಳಿದವರಿಗೆಲ್ಲ ಒಂಬತ್ತು ಅಡಿ, ಅಂದರೆ ಆರು ಮೊಳ. ನಾಲ್ಕು ತುಂಡಾಗಿ ಬಿಚ್ಚುವಂಥದ್ದು ತೆಗೆದುಕೊಳ್ಳಿ, ಸೂಟ್‌ಕೇಸಿನ ಪಕ್ಕದಲ್ಲಿ ಕೂರುತ್ತದೆ. ತುಂಡು ಹೆಚ್ಚಿದಷ್ಟೂ ಕೋಲು ಕೆಡುತ್ತದೆ ಎಂದು ವಾದಿಸುವ ಹಿರಿಯರು ಇನ್ನೂ ಇದ್ದಾರೆ. ಅವರು ವಿಮಾನ ಹತ್ತುವವರಲ್ಲ.

ದ್ರವ್ಯದ ವಿಚಾರ ಹಾಗಲ್ಲ, ಇಲ್ಲಿ ಸ್ವಲ್ಪ ಕೂರಬೇಕು. ಹಳೆಯ ಕೋಲುಗಳು ಹಿಕರಿ, ಗ್ರೀನ್‌ಹಾರ್ಟ್ ಮುಂತಾದ ಗಟ್ಟಿ ಮರದವು, ತೋಳು ಬೀಳಿಸುವಷ್ಟು ಭಾರ. ಆಮೇಲೆ ಬಂದದ್ದು ಸೀಳು ಬಿದಿರು. 1840ರ ದಶಕದಲ್ಲಿ ನಮ್ಮ ಪೆನ್ಸಿಲ್ವೇನಿಯಾದ್ದೇ ಈಸ್ಟನ್ ಊರಿನಲ್ಲಿ ಬಂದೂಕು ಮಾಡುತ್ತಿದ್ದ ಸ್ಯಾಮ್ಯುಯೆಲ್ ಫಿಲಿಪ್ ಎಂಬವನು ಬಿದಿರನ್ನು ಸೀಳಿ, ತ್ರಿಕೋನ ಪಟ್ಟಿ ಮಾಡಿ, ಅಂಟಿಸಿ ಕೋಲು ಕಟ್ಟಿದ. ಮುಂದೆ ಆರು ಪಟ್ಟಿಯದೇ ರೂಢಿಯಾಯಿತು. ಅಡ್ಡ ಕೊಯ್ದರೆ ಜೇನುಗೂಡಿನ ಒಂದು ಕೋಣೆಯಂತೆ ಕಾಣುತ್ತದೆ. ಬಿದಿರಿನ ಬಲವೆಲ್ಲ ಹೊರಗಿನ ಸಿಪ್ಪೆಯ ಬಳಿಯ ನಾರಿನಲ್ಲಿದೆ, ಒಳಗಿನದು ಹೆಚ್ಚುಕಡಿಮೆ ಹಿಂಡಿ. ಪಟ್ಟಿ ಮಾಡಿ ಕೂಡಿಸಿದರೆ ಸುತ್ತಲೂ ನಾರೇ. ಮೊದಮೊದಲು ಈ ಬಿದಿರು ಹೋಗುತ್ತಿದ್ದದ್ದು ಹಿಂದೂಸ್ಥಾನದಿಂದ. ಕಲ್ಕತ್ತಾ ಕೇನ್ ಎಂದೇ ಹೆಸರು. ಆಮೇಲೆ ಟಾಂಕಿನ್ ಬಿದಿರು ಬಂದು ಅದನ್ನು ಹಿಂದೆ ಹಾಕಿತು. ಟಾಂಕಿನ್ ಇರುವುದು ವಿಯೆಟ್ನಾಮಿನಲ್ಲಿ, ಬಿದಿರು ಬೆಳೆಯುವುದು ಚೀನಾದ ಗ್ವಾಂಗ್‌ಡಾಂಗಿನಲ್ಲಿ. ಹೆಸರಿಡುವ ವ್ಯಾಪಾರಿಗಳು ಭೂಗೋಳಕ್ಕೆ ತಲೆ ಕೆಡಿಸಿಕೊಂಡವರಲ್ಲ. 1950ರಲ್ಲಿ ಕೊರಿಯಾ ಯುದ್ಧದ ಹೊತ್ತಿಗೆ ಅಮೆರಿಕ ಚೀನಾದ ಸರಕಿಗೆ ಬಾಗಿಲು ಹಾಕಿತು, ಬಿದಿರು ನಿಂತಿತು. ಆ ಬಿರುಕಿನಲ್ಲಿ ಫೈಬರ್‌ಗ್ಲಾಸ್ ನುಗ್ಗಿತು. 1970ರ ದಶಕದಲ್ಲಿ ಕಾರ್ಬನ್ ಬಂದು ಅದನ್ನೂ ಮೂಲೆಗೆ ತಳ್ಳಿತು. ಹೊಸಬನಿಗೆ ಕಾರ್ಬನ್ನೇ ಸಾಕು. ಬಿದಿರು ಕೊಳ್ಳಬೇಕೆಂಬ ಆಸೆ ಹುಟ್ಟಿದರೆ ತಣ್ಣೀರು ಕುಡಿದು ಮಲಗಬೇಕು. ಅದರ ಬೆಲೆ ಕೇಳಿದರೆ ತಾನಾಗಿ ಇಳಿಯುತ್ತದೆ.

ಇನ್ನು ಬಾಗುವಿಕೆ. ಮೂರು ಬಗೆ: ತುದಿಬಾಗು, ನಡುಬಾಗು, ಬುಡಬಾಗು. ಅಂಗಡಿಯವರು ಇವನ್ನು ಫಾಸ್ಟ್, ಮೀಡಿಯಂ, ಸ್ಲೋ ಎನ್ನುತ್ತಾರೆ. ತುದಿಬಾಗು ಕೋಲಿನಲ್ಲಿ ತುದಿಯ ಮೂರನೇ ಒಂದು ಭಾಗ ಮಾತ್ರ ಬಾಗಿ ಚಟಕ್ಕನೆ ನೆಟ್ಟಗಾಗುತ್ತದೆ. ಗಾಳಿಯಲ್ಲಿ ದೂರ ಎಸೆಯಬಲ್ಲದು, ಆದರೆ ಕೈಯ ತಪ್ಪನ್ನು ಕ್ಷಮಿಸುವುದಿಲ್ಲ. ಬುಡಬಾಗು ಹಿಡಿಯವರೆಗೂ ಬಳುಕುತ್ತದೆ. ಹತ್ತಿರದ ಮೀನಿನ ಮುಂದೆ ಹೂವಿನಂತೆ ನೊಣ ಇಳಿಸುತ್ತದೆ, ಅವಸರದವರಿಗಲ್ಲ. ನಡುಬಾಗು ತಾನು ಯಾವಾಗ ಬಾಗಿದೆ ಎಂದು ಅಂಗೈಗೆ ಹೇಳುತ್ತದೆ. ಹೊಸಬನಿಗೆ ಬೇಕಾದದ್ದು ಈ ಮಾತಾಡುವ ಕೋಲು. ಮಾವ ಇದನ್ನೆಲ್ಲ ಕೇಳಿ, ಇದು ಬೀಗರ ವಿಂಗಡಣೆ ಎಂದರು; ವಿಸ್ತರಿಸಲಿಲ್ಲ, ನಾನೂ ಕೇಳಲಿಲ್ಲ.

ನಾನು ಮೊದಲು ಕೊಂಡದ್ದು ಯಾವುದೆಂದು ಬೇರೆ ಹೇಳಬೇಕೆ? ತುದಿಬಾಗು. ಅಂಗಡಿಯಲ್ಲಿ ಕೋಲನ್ನು ಕೈಗೆ ಕೊಟ್ಟು ಅಲ್ಲಾಡಿಸಿ ನೋಡಿ ಎಂದರು. ಲೈನಿಲ್ಲದ ಕೋಲನ್ನು ಅಲ್ಲಾಡಿಸುವುದು ಶ್ರುತಿಯಿಲ್ಲದ ವೀಣೆಯನ್ನು ತೂಗಿ ನೋಡಿದಂತೆ. ಬಿಗಿಯಾದದ್ದೆಲ್ಲ ಒಳ್ಳೆಯದೆಂದೇ ಅನ್ನಿಸುತ್ತದೆ. ಎಂಟುನೂರು ಡಾಲರ್ ಕೊಟ್ಟು ತಂದೆ. ನೀರಿಗಿಳಿದ ಮೊದಲ ಬೆಳಿಗ್ಗೆ, ಹಿಂದಕ್ಕೆ ಬೀಸಿದ ಲೈನ್ ಬಿಚ್ಚಿಕೊಳ್ಳುವ ಮೊದಲೇ ಮುಂದಕ್ಕೆಳೆದೆ. ಬೆನ್ನ ಹಿಂದೆ ‘ಟಪ್’ ಎಂದು ಚಾಟಿಯ ಸದ್ದು. ಏನೋ ಸರಿಯಾಯಿತೆಂದು ಖುಷಿಪಟ್ಟೆ. ಆ ಸದ್ದು ನೊಣ ಕಿತ್ತುಹೋದದ್ದರದು. ಹೀಗೆ ಒಂಬತ್ತು ಬಾರಿ ಟಪ್ ಎಂದಿತು. ಒಂದೊಂದು ನೊಣಕ್ಕೆ ಮೂರು ಡಾಲರ್. ನಡುನಡುವೆ ಕೊಕ್ಕೆಯಿಲ್ಲದ ದಾರವನ್ನು ಮೀನುಗಳಿಗೆ ತೋರಿಸುತ್ತಾ ಮುಕ್ಕಾಲು ಗಂಟೆ ನಿಂತಿದ್ದೂ ಉಂಟು. ಇದಕ್ಕಿಂತ ದೊಡ್ಡ ಅಹಿಂಸೆಯನ್ನು ನಮ್ಮ ಮನೆತನದಲ್ಲಿ ಯಾರೂ ಆಚರಿಸಿಲ್ಲ.

ಆ ಕೋಲು ಮುರಿದದ್ದು ಮೀನಿನಿಂದಲ್ಲ, ಕಾರಿನ ಡಿಕ್ಕಿಯಿಂದ. ಮುಚ್ಚಳ ಹಾಕಿದೆ, ತುದಿ ಹೊರಗಿತ್ತು. ಫ್ಲೈ ರಾಡಿನ ಶತ್ರುಗಳು ಕಾರಿನ ಬಾಗಿಲು ಮತ್ತು ಸೀಲಿಂಗ್ ಫ್ಯಾನು, ಮೀನು ಆ ಸಾಲಿನಲ್ಲಿ ತೀರ ಹಿಂದೆ ಎಂದು ಬಲ್ಲವರು ಆಮೇಲೆ ಸಮಾಧಾನ ಹೇಳಿದರು. ಜೀವಮಾನದ ಗ್ಯಾರಂಟಿ ಇತ್ತು, ನಿಜ. ತುಂಡನ್ನು ಬದಲಾಯಿಸಿ ಕೊಡಲು ಶುಲ್ಕ ಕಟ್ಟಿಸಿಕೊಂಡರು. ದಂಡಕ್ಕೆ ದಂಡ.

ಇಲ್ಲಿ ಕಾರಣವಾದವನ್ನು ಎತ್ತಬೇಕು. ತರ್ಕದ ಯಾವ ಪಾಠವೂ ಕುಂಬಾರನಿಲ್ಲದೆ ನಡೆಯುವುದಿಲ್ಲ. ಮಡಕೆಗೆ ಚಕ್ರ ಕಾರಣ, ಅದನ್ನು ತಿರುಗಿಸುವ ದಂಡವೂ ಕಾರಣ. ಮಣ್ಣು ಹೊತ್ತು ತಂದ ಕತ್ತೆ? ಅದು ಅಲ್ಲಿದ್ದದ್ದು ನಿಜ, ಆದರೆ ಕಾರಣವಲ್ಲ, ಅನ್ಯಥಾಸಿದ್ಧ. ಈ ವಿದ್ಯೆಯಲ್ಲಿ ಲೈನು, ಕೋಲು, ಕೈ ಈ ಮೂರೂ ಕಾರಣ. ರೀಲು ಕತ್ತೆ. ಟ್ರೌಟಿನ ಮಟ್ಟಿಗೆ ಅದರ ಕೆಲಸ ಲೈನನ್ನು ಹೊತ್ತು ನಿಲ್ಲುವುದಷ್ಟೇ. ಮೀನು ಬಿದ್ದರೆ ಎಡಗೈಯಲ್ಲೇ ಲೈನ್ ಎಳೆದುಕೊಳ್ಳುತ್ತೇವೆ. ಸಾಲ್ಮನ್ನಿಗೆ, ಕಡಲ ಮೀನಿಗೆ ಹೋದಾಗ ಕತ್ತೆಗೆ ಕುದುರೆಯ ಪಟ್ಟ ಬರುತ್ತದೆ, ಅದು ಬೇರೆ ಪ್ರಕರಣ. ಆದರೂ ಹೊಸಬರು ಥಳಥಳ ಹೊಳೆಯುವ ರೀಲಿಗೆ ನಾನೂರು ಡಾಲರ್ ಕೊಟ್ಟು, ಲೈನ್ ಯಾವುದಾದರೂ ನಡೆಯುತ್ತದೆ ಎನ್ನುತ್ತಾರೆ. ಕತ್ತೆಗೆ ಜರತಾರಿ ಜೂಲು ಹೊದಿಸಿ ಚಕ್ರವಿಲ್ಲದೆ ಮಡಕೆಗೆ ಕೂತ ಕುಂಬಾರರು ಇವರು. ದುಡ್ಡು ಉಳಿದರೆ ಲೈನಿಗೆ ಹಾಕಿ. ತೇಲುವಂಥದ್ದು, ಮುಂಭಾಗ ದಪ್ಪಗಿರುವ ವೆಯ್ಟ್ ಫಾರ್ವರ್ಡ್ ಬಗೆಯದು, ಕೋಲಿನ ನಂಬರಿಗೆ ಹೊಂದುವಂಥದ್ದು.

ಅಧಿಕಾರಿಯ ಮಾತು ಬಾಕಿ ಇತ್ತು. ಹೊಸಬರಲ್ಲಿ ನಾನು ಕಂಡ ಪ್ರಭೇದಗಳು ಹೀಗಿವೆ. ಧನದಂಡಿ, ಮೊದಲ ದಿನವೇ ಸಾವಿರ ಡಾಲರಿನ ಕೋಲು ತಂದು ಎರಡನೆಯ ವರ್ಷ ಗರಾಜಿನಲ್ಲಿ ಮಾರಾಟಕ್ಕಿಡುವವನು. ಇವನು ಲೋಕೋಪಕಾರಿ, ಇವನಿಂದಲೇ ಉಳಿದವರಿಗೆ ಸೆಕೆಂಡ್‌ಹ್ಯಾಂಡ್ ಕೋಲು ಸಿಗುವುದು. ಪಿತ್ರಾರ್ಜಿತದಂಡಿ, ಅಟ್ಟದ ಮೇಲೆ ಅಜ್ಜನ ಬಿದಿರುಕೋಲು ಸಿಕ್ಕಿತೆಂದು ಇಳಿದವನು. ಅದರ ಕಟ್ಟುಗಳೆಲ್ಲ ಬಿಚ್ಚಿರುತ್ತವೆ. ಗ್ರಂಥದಂಡಿ ನೀರಿಗಿಳಿದವನೇ ಅಲ್ಲ, 1653ರ ಐಸಾಕ್ ವಾಲ್ಟನ್‌ನ ಪುಸ್ತಕ ಓದಿದ್ದಾನೆ. ಅದರಲ್ಲಿ ಫ್ಲೈ ಮೀನುಗಾರಿಕೆಯ ಒಳ್ಳೆಯ ಭಾಗ 1676ರಲ್ಲಿ ಚಾರ್ಲ್ಸ್ ಕಾಟನ್ ಸೇರಿಸಿದ್ದು ಎಂದು ತಿದ್ದಲು ಕಾಯುತ್ತಿರುತ್ತಾನೆ. ಇನ್ನು ಹೆಂಡತಿ ಹುಟ್ಟುಹಬ್ಬಕ್ಕೆ ಕೊಡಿಸಿದ್ದರಿಂದ ಹಿಡಿಯಲೇಬೇಕಾದವನು. ಇವರೆಲ್ಲರ ಅಡಿಯಲ್ಲಿ, ಯಾವುದರಲ್ಲೂ ಸೇರದೆ, ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಸೇರಿ, ದಂಡಪಿಂಡ ಎಂಬೊಂದು ವರ್ಗ. ಲೇಖಕನ ವಿಳಾಸ ಅಲ್ಲಿಯದು.

ಸಿದ್ಧಾಂತವನ್ನು ಹೇಳಿದ್ದು ನಾನಲ್ಲ. ಮುರಿದ ಕೋಲನ್ನು ಅಂಚೆಗೆ ಹಾಕಿದ ಮೇಲೆ ಬೇರೊಂದು ಅಂಗಡಿಗೆ ಹೋಗಿದ್ದೆ. ಬೇಸಿಗೆ ರಜೆಯಲ್ಲಿ ಕೆಲಸಕ್ಕಿದ್ದ ಹುಡುಗ, ಮೂತಿಯ ಮೇಲೆ ಇನ್ನೂ ಮೀಸೆ ನೆಟ್ಟಗೆ ಬಂದಿರಲಿಲ್ಲ. ಭಾರ, ಉದ್ದ, ದ್ರವ್ಯ, ಬಾಗು ಎಂದು ನಾನು ಪೀಠಿಕೆ ಹಾಕುವಷ್ಟರಲ್ಲಿ, “ಒಂಬತ್ತಡಿ, ಐದನೇ ನಂಬರು, ಮೀಡಿಯಂ. ಎಲ್ಲರಿಗೂ ಅದೇ” ಎಂದು ಗೋಡೆಯಿಂದ ಇಳಿಸಿ ಕೊಟ್ಟ. ರೀಲು, ಲೈನು ಸಮೇತ ಇನ್ನೂರು ಡಾಲರ್. ನೂರೆಂಟು ಭೇದಗಳ ಕೊನೆಗೆ ಒಂದೇ ಒಂದು ಕೋಲು. ಅದ್ವೈತದವರು ಹಿಗ್ಗಬಹುದು, ನನಗೆ ಆ ಎಂಟುನೂರು ನೆನಪಾಗುತ್ತಿತ್ತು.

ಅದನ್ನು ಹಿತ್ತಲಿಗೆ ತಂದು ಜೋಡಿಸಿ, ಕೆಂಪು ಉಲ್ಲನ್ನಿನ ಚೂರು ಕಟ್ಟಿ ಬೀಸತೊಡಗಿದೆ. ಕೋಲು ಮಾತಾಡುತ್ತಿತ್ತು, ಕೇಳುವ ಕೈ ನನಗಿರಲಿಲ್ಲ. ಮತ್ತೆ ಅವಸರ, ಮತ್ತೆ ಲೈನೆಲ್ಲ ಕೊರಳಿಗೆ. ಮಾವ ಕುರ್ಚಿಯಿಂದ ಎದ್ದು, ಮಂಕಿ ಟೋಪಿಯನ್ನು ಕಿವಿಯ ಮೇಲಕ್ಕೆ ಸರಿಸಿ, “ಕೊಡಿ ಇಲ್ಲಿ” ಎಂದರು. ನೀರಿಗಿಳಿಯುವುದಾದರೆ ಅವರಿಗೂ ಲೈಸೆನ್ಸ್ ಬೇಕು, ಟ್ರೌಟಿಗೆ ಬೇರೆ ಪರವಾನಗಿ. ಹುಲ್ಲಿಗೆ ಯಾವುದೂ ಬೇಡ. ಹಿಡಿಯನ್ನು ಒಮ್ಮೆ ತಿರುಗಿಸಿ ನೋಡಿದರು. ಹಿಂದಕ್ಕೆ ಎತ್ತಿದರು. ಎತ್ತಿ ನಿಲ್ಲಿಸಿದರು. ಲೈನ್ ಅವರ ಬೆನ್ನ ಹಿಂದೆ ಮೇಪಲ್ ಮರದವರೆಗೆ ನಿಧಾನವಾಗಿ ಬಿಚ್ಚಿಕೊಂಡಿತು. ಆಮೇಲೆ ಮುಂಗೈ ಮಾತ್ರ ಸ್ವಲ್ಪ ಬಿತ್ತು. ಕೆಂಪು ಚೂರು ನಲವತ್ತು ಅಡಿ ಆಚೆ, ಪಕ್ಕದ ಮನೆಯ ಬೇಲಿಯ ಬುಡದಲ್ಲಿ ಸದ್ದಿಲ್ಲದೆ ಇಳಿಯಿತು.

ನಾನು ಬಾಯಿ ತೆರೆದುಕೊಂಡು ನಿಂತಿದ್ದೆ. ಹುಡುಗನಾಗಿದ್ದಾಗ ತೀರ್ಥಹಳ್ಳಿಯಿಂದ ಅಡಿಕೆ ಹೇರಿದ ಗಾಡಿ ಹೊಡೆದಿದ್ದೆ ಎಂದರು. ಬಾರು ಹಿಂದೆ ಹೋಗುವವರೆಗೆ ಕಾಯದಿದ್ದರೆ ಅದು ಎತ್ತಿಗೆ ಬೀಳುವುದಿಲ್ಲ, ನಮ್ಮ ಕಿವಿಗೇ ಬೀಳುತ್ತದೆ. ಕೋಲನ್ನು ನನ್ನ ಕೈಗಿಟ್ಟು, ಅಡುಗೆಮನೆಯ ಕಿಟಕಿಯ ಕಡೆ ತಿರುಗಿ ಕೇಳಿದರು:

“ಕಾಫಿ ಆಯ್ತೇನಮ್ಮಾ?”